ಕೊಟ್ಟಿಗೆಯಲ್ಲಿ ನೊಣ ಜಾಸ್ತಿ: ಏನು ಮಾಡಿದಿರಿ?

ಪ್ರಶ್ನೆ: ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಕಟ್ಟಿದ್ದೇವೆ. ಮಳೆ ಶುರುವಾದಾಗಿನಿಂದ ವಿಪರೀತ ನೊಣ. ಔಷಧಿ ಹೊಡೆದರೆ ಎರಡು ದಿನ ಕಡಿಮೆ, ಆಮೇಲೆ ಮತ್ತೆ ಅಷ್ಟೇ. ಸಗಣಿಯನ್ನು ಕೊಟ್ಟಿಗೆ ಹಿಂದೆಯೇ ತಿಪ್ಪೆಗೆ ಹಾಕುತ್ತೇವೆ. ಅನುಭವ ಇದ್ದವರು ಹೇಳಿ.

ಉತ್ತರ 1: ಅಣ್ಣ, ನಾವೂ ಎರಡು ವರ್ಷ ಹೀಗೇ ಔಷಧಿಗೆ ದುಡ್ಡು ಸುರಿದೆವು. ಕೊನೆಗೆ ಒಂದು ಬೇಸಿಗೆಯಲ್ಲಿ, ನೊಣ ಕೂತೆದ್ದ ಸಗಣಿ ಒಂದು ಹಿಡಿ ತೆಗೆದು ಗಾಜಿನ ಬಾಟ್ಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟೆ. ಮೊಟ್ಟೆ ಅಕ್ಕಿ ನುಚ್ಚಿನ ಹಾಗೆ ಬೆಳ್ಳಗೆ, ಬಿರುಕಿನೊಳಗೆ ಗುಂಪಾಗಿ ಇದ್ದವು. ಮಾರನೇ ದಿನವೇ ಹುಳ! ದಪ್ಪ ತುದಿಯಲ್ಲಿ ಎರಡು ಕಪ್ಪು ಚುಕ್ಕೆ. ಕಣ್ಣು ಅಂದುಕೊಂಡಿದ್ದೆ, ಅದು ಹಿಂಭಾಗ, ಉಸಿರಾಡುವ ರಂಧ್ರ. ತಲೆ ಚೂಪಾದ ಕಡೆ ಇರುತ್ತೆ. ಐದಾರು ದಿನಕ್ಕೆ ತಿನ್ನೋದು ಬಿಟ್ಟು ಗಾಜು ಹತ್ತತೊಡಗಿದವು, ಒಣ ಜಾಗ ಹುಡುಕಿಕೊಂಡು. ಆಮೇಲೆ ಅವುಗಳ ಚರ್ಮವೇ ಗಟ್ಟಿಯಾಗಿ ಕೆಂಪು ಕಂದು ಕೋಶವಾಯಿತು, ಹೆಚ್ಚುಕಡಿಮೆ ಗೋಧಿ ಕಾಳಿನಷ್ಟು. ಹತ್ತನೇ ದಿನ ಬಾಟ್ಲಿಯಲ್ಲಿ ನೊಣ ಹಾರಾಡುತ್ತಿದ್ದವು. ಚಳಿಯಲ್ಲಿ ಇದೇ ಕೆಲಸಕ್ಕೆ ಜಾಸ್ತಿ ದಿನ ಹಿಡಿಯುತ್ತೆ.

ಒಂದು ನೊಣ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತೆ, ಅದೂ ನಾಲ್ಕೈದು ಸಲ. ನೀವು ಹಾರುವ ನೊಣ ಕೊಂದರೂ ತಿಪ್ಪೆಯಲ್ಲಿ ಮುಂದಿನ ಸಾಲು ರೆಡಿ ಇರುತ್ತೆ, ಅಲ್ವಾ? ಹಾಗಾಗಿ ನಮ್ಮ ಲೆಕ್ಕ ಒಂದೇ: ಯಾವ ಹಸಿ ಸಗಣಿಯೂ ವಾರದವರೆಗೆ ಅಲುಗಾಡದೆ ಕೂರಬಾರದು.

ತಿಪ್ಪೆ ನಡುವೆ ಕೈ ಹಾಕಿ ನೋಡಿ, ಸುಡುತ್ತೆ. ಅಲ್ಲಿ ಹುಳ ಬದುಕೋಲ್ಲ. ಅಂಚಿನಲ್ಲಿ, ಗೇಣುದ್ದ ಒಳಗೆ, ತೇವ ಇರುವ ಕಡೆ ಗಿಜಿಗುಡುತ್ತವೆ. ವಾರಕ್ಕೆ ಎರಡು ಸಲ ಅಂಚನ್ನು ಗುದ್ದಲಿಯಿಂದ ಎಳೆದು ನಡುವಿಗೆ ಹಾಕುತ್ತೇವೆ. ಮಳೆಗಾಲದಲ್ಲಿ ಕಪ್ಪು ಟಾರ್ಪಾಲ್ ಹೊದಿಸಿ, ಸುತ್ತ ಮಣ್ಣು ಒತ್ತುತ್ತೇವೆ. ಮಣ್ಣು ಒತ್ತದಿದ್ದರೆ ಹುಳ ಅಂಚಿನಿಂದ ನುಸುಳಿ ಪಕ್ಕದ ಒಣ ಮಣ್ಣಲ್ಲಿ ಕೋಶ ಕಟ್ಟುತ್ತವೆ. ತಿಪ್ಪೆ ಮೇಲೆ ಮಾತ್ರ ಔಷಧಿ ಹೊಡೀಬೇಡಿ. ಈ ಹುಳಗಳನ್ನು ತಿನ್ನುವ ಜೀರುಂಡೆಗಳೂ ಸಾಯುತ್ತವೆ.

ಉತ್ತರ 2: ಹಸು ಕಾಲು ಝಾಡಿಸುತ್ತಿದೆಯಾ? ಹಾಗಿದ್ದರೆ ಅದು ರಕ್ತ ಹೀರುವ ನೊಣ, ಮನೆ ನೊಣ ಅಲ್ಲ. ನಮ್ಮಲ್ಲಿ ಸಗಣಿ ದಿನಾ ಎತ್ತಿದರೂ ಅದು ಹೋಗಿರಲಿಲ್ಲ. ಗೋದಲಿ ಕೆಳಗೆ ಬಿದ್ದ ಹುಲ್ಲು ಗಂಜಲದಲ್ಲಿ ನೆಂದು ಕೊಳೆತಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಪೂರ್ತಿ ಹುಳ. ಈಗ ಅಲ್ಲಿ ದಿನಾ ಗುಡಿಸಿ, ಗಂಜಲ ನಿಲ್ಲದ ಹಾಗೆ ಚರಂಡಿಗೆ ಇಳಿಜಾರು ಮಾಡಿಸಿದ್ದೇವೆ. ಮೂರು ವಾರದಲ್ಲಿ ವ್ಯತ್ಯಾಸ ಕಂಡಿತು.

ಉತ್ತರ 3: ನಾಲ್ಕು ನಾಟಿ ಕೋಳಿ ಬಿಡಿ ಅಣ್ಣ. ಅಂಚು ಎಳೆದ ತಕ್ಷಣ ಹುಳ ಹೆಕ್ಕುತ್ತವೆ. ಬಿಸಿಲಿದ್ದ ದಿನ ನಮ್ಮಮ್ಮ ಸಗಣಿ ತೆಳ್ಳಗೆ ಬೆರಣಿ ತಟ್ಟುತ್ತಾರೆ. ಒಂದೆರಡು ದಿನದಲ್ಲಿ ಒಣಗಿಬಿಟ್ಟರೆ ಹುಳಕ್ಕೆ ಬೆಳೆಯಲು ತೇವವೇ ಸಿಗೋಲ್ಲ.