ಸಹಾಯ ಬೇಕು: ಹಳೇ ಫ್ರೆಂಚ್ ಕುರ್ಚಿಯ ನೇಯ್ಗೆ ಉಳಿಸಬೇಕು

ನಮಸ್ಕಾರ. ನಾವು ಫ್ರಾನ್ಸಿನ ಲಿಯೋನ್‌ನಲ್ಲಿದ್ದೇವೆ. ಹಳೇ ಸಾಮಾನಿನ ಸಂತೆಯಲ್ಲಿ ಫ್ರೆಂಚ್ ದೊರೆ ಹದಿನೈದನೇ ಲೂಯಿ ಕಾಲದ ಶೈಲಿಯ ಎರಡು ಕೈಕುರ್ಚಿ ಕೊಂಡೆವು. ಬಾಗಿದ ಕಾಲು, ಬೀಚ್ ಮರದಲ್ಲಿ ಹೂವಿನ ಕೆತ್ತನೆ. ಸೀಟಿಗೆ, ಬೆನ್ನಿಗೆ ಓಬ್ಯುಸೋನ್ ನೇಯ್ಗೆ (ಇಲ್ಲಿನ ಓಬ್ಯುಸೋನ್ ಊರಿನ ಹೆಸರಾಂತ ಚಿತ್ರ ನೇಯ್ಗೆ), ಉಣ್ಣೆ ಜೊತೆ ರೇಷ್ಮೆ ಎಳೆ. ಕೊಕ್ಕರೆಯನ್ನು ಊಟಕ್ಕೆ ಕರೆದ ನರಿಯ ಚಿತ್ರ! ಅಜ್ಜಿ ಹೇಳುತ್ತಿದ್ದ ಕಥೆ ಇಲ್ಲಿ ಕಂಡು ಕಣ್ಣು ತುಂಬಿತು.

ಬಣ್ಣ ಬದಲಾಗುವ ಕಡೆ ನೇಯ್ಗೆಯಲ್ಲೇ ಸಣ್ಣ ಸೀಳು ಇರುತ್ತದಲ್ವಾ, ಅಲ್ಲಿನ ಹೊಲಿಗೆ ಬಿಟ್ಟಿದೆ. ಉಣ್ಣೆಗೆ ನುಸಿ ಹಿಡಿದಿದೆ. ರಿಪೇರಿಯವರೊಬ್ಬರು ಕಿತ್ತು ಹೊಸ ಬಟ್ಟೆ ಹಾಕಿಸಿ ಅಂದರು. ನನಗೆ ಖಂಡಿತ ಮನಸ್ಸಿಲ್ಲ. ಸದ್ಯಕ್ಕೆ ಬಿಸಿಲು, ನೀರು ಎರಡೂ ತಾಗಿಸಿಲ್ಲ.

ಹಿಂದಿನಿಂದ ಲಿನನ್ ಆಸರೆ ಕೊಟ್ಟು ಹೊಲಿಯುವವರು ಯಾರಾದರೂ ಗೊತ್ತಾ? 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ ಇದು. ಓಬ್ಯುಸೋನ್ ಊರಿಗೇ ಒಯ್ಯಲಾ? ಖರ್ಚು ಜಾಸ್ತಿಯಾ? ಮಾಡಿಸಿದವರು ದಯವಿಟ್ಟು ತಿಳಿಸಿ.