ಸ್ಪೀಕರ್‌ನಲ್ಲಿ ಗುಂಯ್ ಸದ್ದು, ಮೌಸ್ ಸರಿಸಿದರೆ ಕಿರ್ ಸದ್ದು. ಏನು ಮಾಡಲಿ?

ಪ್ರಶ್ನೆ – ದಾವಣಗೆರೆ, ವಿನೋಬನಗರ

ನಮಸ್ಕಾರ. ನನ್ನ ಹತ್ತಿರ ಒಂದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಅದಕ್ಕೆ ಕಡಿಮೆ ಬೆಲೆಯ 2.1 ಸ್ಪೀಕರ್ (ಎರಡು ಚಿಕ್ಕ ಸ್ಪೀಕರ್, ದಪ್ಪ ಸದ್ದಿಗೆ ಒಂದು ಸಬ್‌ವೂಫರ್) ಹಾಕಿದ್ದೇನೆ. ಕಂಪ್ಯೂಟರ್‌ಗೆ ಮೂರು ಪಿನ್ ಪ್ಲಗ್, ಸ್ಪೀಕರ್‌ಗೆ ಎರಡು ಪಿನ್. ಹಾಡು ಹಾಕದಿದ್ದರೂ ಸಬ್‌ವೂಫರ್ ಒಂದೇ ಸಮ ಗುಂಯ್ ಅನ್ನುತ್ತದೆ. ಸಾಲದ್ದಕ್ಕೆ ಮೌಸ್ ಸರಿಸಿದಾಗ, ಪುಟ ಸ್ಕ್ರೋಲ್ ಮಾಡಿದಾಗ ಸಣ್ಣಗೆ ಕಿರ್ ಕಿರ್ ಸದ್ದು ಬರುತ್ತದೆ.

ಅಂಗಡಿಯವರು ಸ್ಪೀಕರ್ ಬದಲಿಸಿ ಅಂದರು. ಗೆಳೆಯನೊಬ್ಬ ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿಬಿಡು, ಸರಿಹೋಗುತ್ತದೆ ಅಂದ. ಇನ್ನೊಬ್ಬರು ಆಡಿಯೋ ವೈರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ತಗೊಳ್ಳಿ ಅಂತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಹಿಂದಿನ ತಗಡು ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಇದಕ್ಕೂ ಸದ್ದಿಗೂ ಸಂಬಂಧ ಇದೆಯಾ?

ಉತ್ತರ – ಚಿತ್ರದುರ್ಗ, ಆಡಿಯೋ ರಿಪೇರಿ

ಕೊನೆಯಲ್ಲಿ ಹೇಳಿದಿರಲ್ಲ, ಅದೇ ಮುಖ್ಯ ವಿಷಯ. ದಪ್ಪ ಪಿನ್ ಮಾತ್ರ ಕತ್ತರಿಸಬೇಡಿ. ಅದು ಅರ್ಥ್ ಪಿನ್. ನಿಮ್ಮ ಮನೆಯಲ್ಲಿ ಅದು ಈಗಾಗಲೇ ಕೆಲಸ ಮಾಡುತ್ತಿಲ್ಲ ಅಂತ ನನ್ನ ಅನುಮಾನ.

ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯೊಳಗೆ, ಕರೆಂಟಿನ ಗಲೀಜು ತಡೆಯಲು ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಅರ್ಥ್ ಇದ್ದರೆ ಅವುಗಳ ಮೂಲಕ ಸೋರುವ ಕರೆಂಟ್ ಸುಮ್ನೆ ಭೂಮಿಗೆ ಇಳಿಯುತ್ತದೆ. ಅರ್ಥ್ ಇಲ್ಲದಿದ್ದರೆ ಇಡೀ ತಗಡು 230 ವೋಲ್ಟಿನ ಅರ್ಧಕ್ಕೆ, ಅಂದರೆ 115 ವೋಲ್ಟ್ ಆಸುಪಾಸಿಗೆ ಏರಿ ಕೂರುತ್ತದೆ. ಸೋರುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಜುಮ್ ಅನ್ನುತ್ತದೆ ಅಷ್ಟೇ. ಆದರೆ ಆಡಿಯೋ ವೈರಿನ ಗ್ರೌಂಡ್ ಕೂಡ ಅದೇ ತಗಡಿಗೆ ಸೇರಿದೆ ಅಲ್ವಾ? ಸೋರಿಕೆ ಆ ವೈರಿನಲ್ಲೇ ಹರಿದು ಸ್ಪೀಕರ್ ಕಡೆಗೆ ಹೋಗುತ್ತದೆ. 50 ಹರ್ಟ್ಜ್ ಸದ್ದು ಸಬ್‌ವೂಫರ್‌ನಲ್ಲಿ ಗುಂಯ್ ಅಂತ ಕೇಳುತ್ತದೆ.

ಏನನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಕಂಪ್ಯೂಟರಿನಿಂದ ಸ್ಪೀಕರಿನ ಆಕ್ಸ್ ವೈರ್ (ಹಾಡು ಸಾಗುವ ವೈರ್) ತೆಗೆದು, ಚಾರ್ಜರ್ ಹಾಕದ ಮೊಬೈಲಿಗೆ ಚುಚ್ಚಿ. ಸದ್ದು ನಿಂತರೆ ಸ್ಪೀಕರ್ ಸರಿಯಾಗಿದೆ. ಮೊಬೈಲಿನಲ್ಲೂ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್ ಅಂದರೆ ಸ್ಪೀಕರ್ ಒಳಗಿನ ಫಿಲ್ಟರ್ ಕೆಪಾಸಿಟರ್ ಸೊರಗಿರಬಹುದು. ಆಗ ಬರುವ ಸದ್ದು 100 ಹರ್ಟ್ಜ್, ಸ್ವಲ್ಪ ಒರಟಾಗಿರುತ್ತದೆ. ಅದಕ್ಕೂ ಹೊಸ ಸ್ಪೀಕರ್ ಬೇಡ, ಕೆಪಾಸಿಟರ್ ಬದಲಿಸಿದರೆ ಸಾಕು.

ಐಸೊಲೇಟರ್ ಈಗ ಬೇಡ. ಎರಡೂ ಕಡೆ ಅರ್ಥ್ ಇದ್ದು, ನಡುವೆ ಆಡಿಯೋ ವೈರ್ ಸೇರಿ ಸುತ್ತು ಆದಾಗ ಅದು ಉಪಯೋಗಕ್ಕೆ ಬರುತ್ತದೆ. ಮೂರು ಪಿನ್ನಿನ ದೊಡ್ಡ ಆಂಪ್ಲಿಫೈಯರ್ ಇದ್ದರೆ ಸರಿ. ನಿಮ್ಮ ಸ್ಪೀಕರ್ ಎರಡು ಪಿನ್ನಿನದು. ಅಗ್ಗದ ಐಸೊಲೇಟರ್ ಬೇಸ್ ಅನ್ನೂ, ಅಂದರೆ ದಪ್ಪ ಸದ್ದನ್ನೂ, ತಿನ್ನುತ್ತದೆ.

ಉತ್ತರ – ದಾವಣಗೆರೆ, ವೈರಿಂಗ್ ಕೆಲಸ

ಮೇಲಿನವರು ಹೇಳಿದ್ದು ಸರಿ. ಹಳೇ ಮನೆಗಳಲ್ಲಿ 5 ಆಂಪ್ ಪಾಯಿಂಟಿಗೆ ಎರಡೇ ವೈರ್ ಎಳೆದಿರುತ್ತಾರೆ. ಸಾಕೆಟ್‌ನಲ್ಲಿ ಮೂರು ತೂತು ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ಏನೂ ಇರುವುದಿಲ್ಲ. ಫ್ರಿಜ್, ಗೀಸರ್ ಪಾಯಿಂಟಿಗೆ ಮಾತ್ರ ಅರ್ಥ್ ಕೊಟ್ಟಿರುತ್ತಾರೆ.

ಮೀಟರ್ ಹಿಡಿದು ಅಭ್ಯಾಸ ಇದ್ದವರಿಂದಲೇ ನೋಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆ ಇಲ್ಲ. ಆದರೆ ಮನೆಯಲ್ಲಿ ಲೋಡ್ ಓಡುತ್ತಿದ್ದಾಗಲೂ ಪಕ್ಕಾ ಸೊನ್ನೆ ತೋರಿಸಿದರೆ ಬೋರ್ಡ್ ಬಿಚ್ಚಿಸಿ ನೋಡಿ. ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ತೂತಿಗೆ ತುಂಡು ವೈರ್ ಕಟ್ಟಿರುತ್ತಾರೆ. ಜುಮ್ ಹೋಗುತ್ತದೆ, ಮನೆಯವರು ಖುಷಿಯಾಗುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಕ್ಯಾಬಿನೆಟ್ ತಗಡಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಈ ಕೆಲಸ ಮಾಡಿದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅರ್ಥ್ ಗುಂಡಿಯನ್ನೂ ಒಮ್ಮೆ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಮಣ್ಣು ಒಣಗಿ ಬಿರಿಯುತ್ತದೆ, ದುರ್ಗದ ಕಡೆಯಂತೂ ಕಲ್ಲು ನೆಲ. ಒಣ ಮಣ್ಣಿನಲ್ಲಿ ಕರೆಂಟ್ ಸಲೀಸಾಗಿ ಹರಿಯುವುದಿಲ್ಲ. ಇದ್ದಿಲು, ಉಪ್ಪು ಹಾಕಿದ ಗುಂಡಿಯಾದರೆ ಆಗಾಗ ನೀರು ಹೊಯ್ಯಬೇಕು. ಗುಂಡಿಯೊಳಗಿನ ಪೈಪಿಗೆ ಕಟ್ಟಿದ ವೈರ್ ತುಕ್ಕು ಹಿಡಿದು ಬಿಟ್ಟುಹೋಗಿರುವುದೂ ಉಂಟು. ಉಪ್ಪು ಪೈಪನ್ನು ತಿನ್ನುತ್ತದೆ.

ಪ್ರಶ್ನೆ ಕೇಳಿದವರು

ಮೊಬೈಲಿಗೆ ಹಾಕಿದರೆ ಸ್ಪೀಕರ್ ಪೂರ್ತಿ ಮೌನ. ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿದರು. ಅರ್ಥ್ ತೂತಿನ ಹಿಂದೆ ಖಾಲಿ! ಫ್ರಿಜ್ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದು ನೋಡಿದೆವು. ಜುಮ್ ಹೋಯಿತು, ಗುಂಯ್ ಕೂಡ ಹೋಯಿತು. ಈಗ ಅಲ್ಲಿಂದ ಅರ್ಥ್‌ನ ಹಸಿರು ವೈರ್ ಎಳೆಸುತ್ತಿದ್ದೇನೆ. ಆದರೆ ಮೌಸ್ ಸರಿಸಿದರೆ ಕಿರ್ ಅನ್ನುವುದು ಹಾಗೇ ಇದೆ.

ಉತ್ತರ – ಚಿತ್ರದುರ್ಗ, ಆಡಿಯೋ ರಿಪೇರಿ

ಅದು ಬೇರೆ ಕಾಯಿಲೆ, ಕಂಪ್ಯೂಟರ್ ಒಳಗೇ ಹುಟ್ಟುವುದು. ಆಕ್ಸ್ ಪಿನ್ ಕ್ಯಾಬಿನೆಟ್ ಮುಂಭಾಗದ ಜಾಕ್‌ಗೆ ಹಾಕಿದ್ದೀರಾ? ಆ ಜಾಕ್‌ನಿಂದ ಒಂದು ತೆಳ್ಳನೆಯ ವೈರ್ ಮದರ್‌ಬೋರ್ಡಿನ ಉದ್ದಕ್ಕೂ ಹೋಗುತ್ತದೆ. ಕಡಿಮೆ ಬೆಲೆಯ ಕ್ಯಾಬಿನೆಟ್‌ಗಳಲ್ಲಿ ಅದಕ್ಕೆ ಶೀಲ್ಡ್, ಅಂದರೆ ಗಲೀಜು ತಡೆಯುವ ಲೋಹದ ಹೊದಿಕೆ, ಇರುವುದೇ ಅಪರೂಪ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಕೆಲಸ ಹೆಚ್ಚಿಸಿದಾಗಲೆಲ್ಲ ಕರೆಂಟ್ ಏರಿಳಿಯುತ್ತದೆ. ಆ ಏರಿಳಿತವನ್ನು ಈ ವೈರ್ ಹಿಡಿದು ಸ್ಪೀಕರಿಗೆ ಕೊಡುತ್ತದೆ. ಹಿಂಭಾಗದ ಹಸಿರು ಜಾಕ್‌ಗೆ ಹಾಕಿ.

ಆಮೇಲೆ ವಿಂಡೋಸ್ ವಾಲ್ಯೂಮ್ ಎಷ್ಟಿದೆ ನೋಡಿ. ಜಾಸ್ತಿ ಜನ ಅದನ್ನು 20ರಲ್ಲಿಟ್ಟು ಸ್ಪೀಕರ್ ತಿರುಗಣೆ ಪೂರ್ತಿ ತಿರುಗಿಸುತ್ತಾರೆ. ಹಾಡೂ ದೊಡ್ಡದಾಗುತ್ತದೆ, ಗಲೀಜೂ ಅಷ್ಟೇ ದೊಡ್ಡದಾಗುತ್ತದೆ. ಉಲ್ಟಾ ಮಾಡಿ. ಕಂಪ್ಯೂಟರಿನಲ್ಲಿ 80, 90ಕ್ಕೆ ಇಡಿ, ಸ್ಪೀಕರಿನಲ್ಲಿ ಇಳಿಸಿ. ಸೌಂಡ್ ಸೆಟ್ಟಿಂಗ್‌ನಲ್ಲಿ ಬಳಸದ ಮೈಕ್, ಲೈನ್ ಇನ್ ಎಲ್ಲ ಮ್ಯೂಟ್ ಮಾಡಿ. ಇಷ್ಟಾದರೂ ಉಳಿದರೆ ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಬಹುದು.

ಇನ್ನೊಬ್ಬರು – ಚಿತ್ರದುರ್ಗ

ನಡುವೆ ಬಂದೆ, ಕ್ಷಮಿಸಿ. ನಾನು ಪಿಎಎಂ 8403 ಎಂಬ ಚಿಪ್ಪಿನ ಚಿಕ್ಕ ಆಂಪ್ಲಿಫೈಯರ್ ಬೋರ್ಡ್ ತಂದು ಸ್ಪೀಕರ್ ಮಾಡಿದ್ದೇನೆ. ಪವರ್ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ, ಹಾಡು ಅದೇ ಲ್ಯಾಪ್‌ಟಾಪಿನ ಜಾಕ್‌ನಿಂದ. ಕಿರುಚುತ್ತದೆ. ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದೆ, ಇನ್ನೂ ಜಾಸ್ತಿ ಆಯಿತು.

ಉತ್ತರ – ಚಿತ್ರದುರ್ಗ, ಆಡಿಯೋ ರಿಪೇರಿ

ಪವರ್‌ನ ಗ್ರೌಂಡ್ ಒಂದು ದಾರಿ, ಆಡಿಯೋ ಗ್ರೌಂಡ್ ಇನ್ನೊಂದು ದಾರಿ. ಎರಡೂ ಒಂದೇ ಲ್ಯಾಪ್‌ಟಾಪಿಗೆ ಹೋಗಿ ಸೇರುತ್ತವೆ. ಆಂಪ್ಲಿಫೈಯರ್ ಎಳೆಯುವ ಕರೆಂಟಿನ ಒಂದು ಪಾಲು ಆಡಿಯೋ ಗ್ರೌಂಡಿನಲ್ಲೂ ವಾಪಸ್ ಹೋಗುತ್ತದೆ, ಯುಎಸ್‌ಬಿಯ ಗಲೀಜೂ ಜತೆಗೆ ಬರುತ್ತದೆ. ಯುಎಸ್‌ಬಿ ಪವರ್ ತಗೊಳ್ಳುವ ಅಂಗಡಿಯ ಚಿಕ್ಕ ಸ್ಪೀಕರ್‌ಗಳ ಪಾಡೂ ಇದೇ. ಸೌಂಡ್ ಕಾರ್ಡ್ ಕೂಡ ಅದೇ ಯುಎಸ್‌ಬಿಯಲ್ಲಿ ಕೂತರೆ ಸುತ್ತು ಇನ್ನೂ ಗಟ್ಟಿಯಾಗುತ್ತದೆ.

ಯುಎಸ್‌ಬಿ ಪಿನ್ನನ್ನು ಲ್ಯಾಪ್‌ಟಾಪಿನಿಂದ ತೆಗೆದು ಪವರ್ ಬ್ಯಾಂಕಿಗೆ ಹಾಕಿ ನೋಡಿ. ಸದ್ದು ನಿಲ್ಲುತ್ತದೆ. ಆಮೇಲೆ ಕಾಯಂ ಆಗಿ ಒಳ್ಳೆಯ ಮೊಬೈಲ್ ಚಾರ್ಜರಿಗೆ ಹಾಕಿಕೊಳ್ಳಿ. ಕೆಲವು ಅಗ್ಗದ ಚಾರ್ಜರ್ ತಾವೇ ಸದ್ದು ಮಾಡುತ್ತವೆ, ಮನೆಯಲ್ಲಿರುವುದನ್ನೆಲ್ಲ ಹಾಕಿ ನೋಡಿ. 5 ವೋಲ್ಟ್ ಮೀರದ ಚಾರ್ಜರೇ ಇರಲಿ, ಆ ಚಿಪ್ 5.5 ವೋಲ್ಟಿಗಿಂತ ಜಾಸ್ತಿಗೆ ಮಾಡಿದ್ದಲ್ಲ.

ಪ್ರಶ್ನೆ ಕೇಳಿದವರು

ಹಿಂದಿನ ಜಾಕ್‌ಗೆ ಹಾಕಿದೆ, ವಾಲ್ಯೂಮ್ ಅದಲುಬದಲು ಮಾಡಿದೆ. ಕಿವಿ ಸ್ಪೀಕರಿಗೆ ಒತ್ತಿದರೆ ಮಾತ್ರ ಚೂರು ಕೇಳುತ್ತದೆ. ಯುಎಸ್‌ಬಿ ಕಾರ್ಡ್ ಬೇಡ ಅನ್ನಿಸುತ್ತದೆ. ಒಂದೇ ಉಳಿದಿರುವುದು. ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಝರ್ ಅಂತ ಸದ್ದು ಬರುತ್ತದೆ. ಫ್ಯಾನ್ ಕೂಡ ಗೊಣಗುತ್ತದೆ.

ಉತ್ತರ – ದಾವಣಗೆರೆ, ವೈರಿಂಗ್ ಕೆಲಸ

ಫ್ಯಾನೂ ಗೊಣಗಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಅಲೆ ನುಣುಪಾಗಿ ಏರಿಳಿಯುವ ಬದಲು ಮೆಟ್ಟಿಲಿನ ಹಾಗೆ ಹಾರುತ್ತದೆ. ಸ್ಪೀಕರಿನ ಟ್ರಾನ್ಸ್‌ಫಾರ್ಮರ್ ಅದಕ್ಕೇ ಝರ್ ಅನ್ನುತ್ತದೆ. ಅದಕ್ಕೆ ಆಡಿಯೋ ವೈರಿನಲ್ಲಿ ಮದ್ದಿಲ್ಲ. ಬ್ಯಾಟರಿ ಹಾಗೇ ಇಟ್ಟುಕೊಂಡು ಮುಂದೆ ಯಾವಾಗಲಾದರೂ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಕಿಸಿ. ವೋಲ್ಟ್ ಹೊಂದುತ್ತದಾ ಮಾತ್ರ ಮೊದಲೇ ನೋಡಿ, 12 ವೋಲ್ಟಿನ ಒಂದೇ ಬ್ಯಾಟರಿಗೆ 24 ವೋಲ್ಟಿನ ಇನ್ವರ್ಟರ್ ಆಗುವುದಿಲ್ಲ. ಅಲ್ಲಿಯವರೆಗೆ ಕರೆಂಟ್ ಹೋದಾಗ ಹೆಡ್‌ಫೋನ್ ಹಾಕಿಕೊಳ್ಳಿ.