ಕಾಡಿನ ಸದ್ದಿನಿಂದ ಪಿಟೀಲಿನ ಆಲ್ಬಮ್ ಮಾಡಿದವರು ಇದ್ದೀರಾ? ಅನುಭವ ಹೇಳಿ

ಡೊಂಬಿವಲಿ ಪಿಟೀಲು:
ನಮಸ್ಕಾರ. ಕರ್ನಾಟಕ ಶೈಲಿ ನುಡಿಸ್ತೀನಿ. ಠಾಣೆಯ ಯೇಊರ್ ಗುಡ್ಡದ ಮಳೆ, ಹಕ್ಕಿ, ತೊರೆ ಕೇಳಿ ಕೇಳಿ ಆರು ರಚನೆ ಆಗಿವೆ. ಕೆಲಸ ಬಿಟ್ಟು ಒಂದು ವರ್ಷ ಇದಕ್ಕೇ ಕೂರಲೇ? ಕೈಯಲ್ಲಿ ನಾಲ್ಕು ಲಕ್ಷ ಇದೆ.

ಮುಳಶಿ ಮಳೆಗಾಲ:
ನಾನು 2019ರಲ್ಲಿ ಪುಣೆಯ ಕೆಲಸ ಬಿಟ್ಟೆ. ರೆಕಾರ್ಡರ್ 24,500. ಎರಡು ಮೈಕು 38,000. ಗಾಳಿ ತಡೆಯೋ ತುಪ್ಪಳದ ಗವಸು 3,200. ತಾಮ್ಹಿಣಿ ಘಾಟಿನಲ್ಲಿ ಮೊದಲ ದಿನವೇ ಅದು ಕಣಿವೆಗೆ ಹಾರಿಹೋಯ್ತು, ಮತ್ತೆ 3,200. ಜುಲೈನಲ್ಲಿ ಪಿಟೀಲಿನ ಪಕ್ಕೆ ಬಾಯಿಬಿಡ್ತು. ಅದರ ಅಂಟು ಚರ್ಮ ಕುದಿಸಿ ಮಾಡಿದ್ದು, ತೇವಕ್ಕೆ ಬಿಟ್ಟುಕೊಳ್ಳುತ್ತೆ. ಸಂದಿನಲ್ಲಿ ಹತ್ತು ರೂಪಾಯಿ ನೋಟು ತೂರುತ್ತಿತ್ತು, ಮಂದ್ರದ ತಂತಿ ಎಳೆದರೆ ಡಬ್ಬಿಯೊಳಗೆ ದುಂಬಿ ಕೂತ ಹಾಗೆ ಗುಂಯ್ ಅನ್ನುತ್ತಿತ್ತು. ಅವಸರಕ್ಕೆ ಬಡಗಿಗಳ ಬಿಳಿ ಅಂಟು ಹಾಕಿಬಿಟ್ಟೆ. ಅದನ್ನ ಕೆರೆದು ತೆಗೆದು ಸರಿಮಾಡೋಕೆ 9,000, ಎರಡು ತಿಂಗಳು. ಆ ಎರಡು ತಿಂಗಳೇ ನನಗೆ ಬೇಕಿದ್ದ ಮಳೆ. ಆಲ್ಬಮ್ ಬಂತು. ಒಂದೂವರೆ ವರ್ಷಕ್ಕೆ ಸ್ಟ್ರೀಮಿಂಗಿನಿಂದ 2,140 ರೂಪಾಯಿ. ಇವತ್ತು ಕೇಳಿದರೂ ಬಿಟ್ಟಿದ್ದು ಸರಿ ಅಂತೀನಿ.

ವಾಸ್ಕೋ ತಂತಿ:
ನಾ ಕೆಲಸ ಬಿಟ್ಟಿಲ್ರೀ, ಬಿಡೂದೂ ಇಲ್ಲ. ಹನ್ನೊಂದು ವರ್ಷ ಆತು, ಶನಿವಾರ ರಾತ್ರಿ ಗೋವಾದ ಮೊಲೆಂ ಕಾಡಿನ ಕಡೆ ಹೋಗ್ತೀನಿ. ಅಲ್ಲಿ ಕುಳೆಂದಿಂದ ಕ್ಯಾಸಲ್‌ರಾಕ್‌ಗೆ ಗೂಡ್ಸ್ ಗಾಡಿ ಘಟ್ಟ ಹತ್ತತಾವ, ಹಿಂದ ದೂಡೂ ಇಂಜಿನ್ ಬ್ಯಾರೆ. ಅದರ ಗುಡುಗು ಕಾಡು ತುಂಬ ಹರಡತದ. ನಾಲ್ಕು ತಾಸು ರೆಕಾರ್ಡ್ ಮಾಡಿದ್ರ ಆರು ನಿಮಿಷ ಕೈಗೆ ಬರ್ತದ. ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿ ಬೇಕಂದ್ರ ಕಾಯೂದು ಬ್ಯಾಡ, ಫೋನಿನ್ಯಾಗ ಅದರ ದನಿ ಹಚ್ಚಿದ್ರ ಎದುರಿಗೇ ಬಂದು ಹಾಡತದ.

ಬೊರಿವಲಿ ಹಕ್ಕಿನೋಟ:
ಎಂತ ಮಾತು ಮಾರಾಯ್ರೇ ಇದು! ಮಳೆಗಾಲ ಅಂದ್ರೆ ಆ ಹಕ್ಕಿ ತೊರೆಯ ಬಂಡೆಸಂದಿನಲ್ಲಿ ಗೂಡು ಕಟ್ಟುವ ಸಮಯ. ಫೋನಿನ ದನಿ ಕೇಳಿ ಬೇರೆ ಗಂಡು ಬಂತು ಅಂತ ಮೊಟ್ಟೆ ಬಿಟ್ಟು ಓಡಿ ಬರ್ತದೆ. ಅದು ಹಾಡುವುದಲ್ಲ, ಜಗಳಕ್ಕೆ ಬರುವುದು. ನಾನು ಪಾವಶಾ ಹಕ್ಕಿಗೆ ಮೂರು ವರ್ಷ ಕಾದಿದ್ದೇನೆ. ಇಲ್ಲಿನ ಮರಾಠಿ ರೈತರಿಗೆ ಅದು ‘ಪೇರ್ತೆ ವ್ಹಾ’, ಬಿತ್ತನೆಗೆ ಹೊರಡಿ, ಅಂದ ಹಾಗೆ ಕೇಳ್ತದೆ. ಪ್ರತಿ ಸಲ ಒಂಚೂರು ಮೇಲಕ್ಕೆ, ಮತ್ತೂ ಮೇಲಕ್ಕೆ ಏರಿ ಒಮ್ಮೆಲೇ ನಿಲ್ತದೆ. ರೆಕಾರ್ಡಿಂಗನ್ನು ಅರ್ಧ ವೇಗಕ್ಕೆ ಇಳಿಸಿದ್ರೆ ಶ್ರುತಿ ಒಂದು ಸ್ಥಾಯಿ ಕೆಳಗೆ ಬರ್ತದೆ, ಆಗ ಆ ಏರಿಕೆಯ ಜಾರು ಗೊತ್ತಾಗ್ತದೆ. ಯಾವ ಸ್ವರಸ್ಥಾನಕ್ಕೂ ಸರಿಯಾಗಿ ಕೂರುವುದಿಲ್ಲ. ಬೆರಳು ಜಾರಿಸಿಯೇ ಹಿಡಿಯಬೇಕು.

ಮಾಟುಂಗಾ ಹಿರಿಯ:
ಈ ಯಂತ್ರಗಳೆಲ್ಲ ಏಕೆ? ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಾಪುರದ ಬರಡು ನೆಲದಲ್ಲಿ ಅಮೃತವರ್ಷಿಣಿ ರಾಗ ಹಾಡಿ ಮಳೆ ತರಿಸಿದರೆಂಬ ಐತಿಹ್ಯವಿದೆ. ರಿಷಭವಿಲ್ಲ, ಧೈವತವಿಲ್ಲ, ಐದೇ ಸ್ವರ. ಅವರು ಯಾವ ತೊರೆಯ ಬಳಿ ಮೈಕು ಇಟ್ಟಿದ್ದರು? ನಲವತ್ತು ವರ್ಷ ಪಾಠ ಹೇಳಿದ್ದೇನೆ. ಶಿಷ್ಯರು ಹಕ್ಕಿಯ ಹಿಂದೆ ಹೋಗಿ ಅಭ್ಯಾಸ ಬಿಟ್ಟದ್ದನ್ನು ಕಂಡು ಮನಸ್ಸು ನೊಂದಿದೆ.

ಬೊರಿವಲಿ ಹಕ್ಕಿನೋಟ:
ಸರ್, ಆ ದೀಕ್ಷಿತರ ತಮ್ಮ ಬಾಲುಸ್ವಾಮಿಯವರೇ ಅಲ್ವಾ ಪರದೇಶದ ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದದ್ದು? ಆಗ ಬೇಡ ಅಂದಿದ್ರೆ ಇವತ್ತು ನಿಮ್ಮ ಕೈಯಲ್ಲಿ ಕಮಾನು ಇರ್ತಿರ್ಲಿಲ್ಲ.

ಮಾಟುಂಗಾ ಹಿರಿಯ:
ಅವರು ತಂದರು, ಪಳಗಿಸಿದರು. ನೀವು ಕಾಡಿನ ಸದ್ದನ್ನು ಪಳಗಿಸದೆ ಹಾಗೇ ಒಯ್ಯುತ್ತಿದ್ದೀರಿ. ಇದು ಬೇರೆ.

ವಾಸ್ಕೋ ತಂತಿ:
ಮೇಡಂ, ನೀವು ಹೇಳಿದ್ದು ಓದಿ ರಾತ್ರಿ ನಿದ್ದಿ ಬರಲಿಲ್ಲ. ಗೂಡಿನ ವಿಚಾರ ನನಗ ಖರೇನ ಗೊತ್ತಿರಲಿಲ್ಲ. ಆದ್ರ ಎಲ್ಲಾರ ಮುಂದ ಹಿಂಗ ಬೈಬಾರದಿತ್ತು.

ಡೊಂಬಿವಲಿ ಪಿಟೀಲು:
ಕೆಲಸದ ಪ್ರಶ್ನೆ ಹಾಗೇ ಉಳೀತು. ಇರಲಿ, ಇನ್ನೊಂದು ತುರ್ತು: ನಿನ್ನೆಯ ಮಳೆಯಿಂದ ಪಂಚಮದ ತಂತಿ ಬಿಗಿಸೋ ಬಿರಡೆ ತಿರುಗುತ್ತಲೇ ಇಲ್ಲ. ಜೋರಾಗಿ ತಿರುಗಿಸಲೇ?

ಮುಳಶಿ ಮಳೆಗಾಲ:
ಬೇಡ! ಬಿರಡೆ ಮುರಿಯುತ್ತೆ, ಇಲ್ಲಾಂದ್ರೆ ಅದು ಕೂರೋ ಪೆಟ್ಟಿಗೆ ಸೀಳುತ್ತೆ. ಮರ ಉಬ್ಬಿದೆ ಅಷ್ಟೆ. ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಕಮಾನಿನ ಕೂದಲು ಸಡಿಲಿಸಿ, ಗೋಡೆಗೆ ತಾಗದ ಬೀರುವಿನಲ್ಲಿ ಎರಡು ದಿನ ಬಿಡಿ. ಆಮೇಲೂ ತಿರುಗದಿದ್ದರೆ ಇಲ್ಲೇ ಬರೀರಿ, ನಾನು ಎದ್ದಿರ್ತೀನಿ.